ಮೂತ್ರದ ಸಾಂದ್ರತೆ: ರಿಪೋರ್ಟಿನ 1.010, 1.030 ಏನು ಹೇಳುತ್ತವೆ?

ಯೂರಿನ್ ರುಟೀನ್ ರಿಪೋರ್ಟ್ ಕೈಗೆ ಬಂದರೆ ಸಕ್ಕರೆ, ಆಲ್ಬುಮಿನ್ ಇಲ್ಲ ಎಂದು ನೋಡಿ ಮಡಚಿಡುವವರೇ ಹೆಚ್ಚು. ಅವುಗಳ ಜೊತೆಗೇ ‘ಸ್ಪೆಸಿಫಿಕ್ ಗ್ರ್ಯಾವಿಟಿ’, ಅಂದರೆ ಸಾಂದ್ರತೆ, ಎಂಬ ಸಾಲಿರುತ್ತದೆ. ಅಷ್ಟೇ ಪ್ರಮಾಣದ ನೀರಿಗಿಂತ ಮೂತ್ರ ಎಷ್ಟು ಪಟ್ಟು ತೂಗುತ್ತದೆ ಎಂಬ ಲೆಕ್ಕ ಅದು. ಬರೀ ನೀರಿನದು 1.000. ಯೂರಿಯಾ, ಉಪ್ಪು ಕರಗಿರುವುದರಿಂದ ಮೂತ್ರದ್ದು ಸಾಮಾನ್ಯವಾಗಿ 1.005ರಿಂದ 1.030ರೊಳಗೆ ಇರುತ್ತದೆ.

ಈ ಅಂಕಿ ದಿನವಿಡೀ ಏರಿಳಿಯುತ್ತಿರಬೇಕು. ಮೇ ತಿಂಗಳಲ್ಲಿ ಕಲಬುರಗಿಯ ಬಿಸಿಲು 42 ಡಿಗ್ರಿ ದಾಟಿದಾಗ ಶಹಾಬಾದ್ ಕಲ್ಲಿನ ಗಣಿಯಲ್ಲಿ ದುಡಿಯುವವರ ಮೈನೀರು ಬೆವರಾಗಿ ಹೋಗುತ್ತದೆ. ಆಗ ಮೆದುಳಿನಿಂದ ಎಡಿಎಚ್ ಎಂಬ ಹಾರ್ಮೋನು ಹೆಚ್ಚು ಹೊರಡುತ್ತದೆ. ಕಿಡ್ನಿ ನೀರನ್ನು ಹೊರಬಿಡದೆ ವಾಪಸ್ ಹೀರಿಕೊಳ್ಳುತ್ತದೆ. ಮೂತ್ರ ಸ್ವಲ್ಪವೇ ಬರುತ್ತದೆ, ಅದೂ ಗಾಢ ಹಳದಿ. ಹಗಲಿನ ಸ್ಯಾಂಪಲ್ 1.020 ದಾಟಿದ್ದರೆ ಕುಡಿದದ್ದು ಸಾಲದು ಎಂದೇ ಲೆಕ್ಕ. 1.030 ಮೀರಿ, ಜೊತೆಗೆ ತಲೆಸುತ್ತು, ಬಾಯಿ ಒಣಗುವುದು, ತಾಸುಗಟ್ಟಲೆ ಮೂತ್ರವೇ ಬಾರದಿರುವುದು ಇದ್ದರೆ ಕಾಯಬಾರದು. ಬೆಳಗಿನ ಮೊದಲ ಮೂತ್ರ ಮಾತ್ರ ಸಾಮಾನ್ಯವಾಗಿ ಗಟ್ಟಿಯೇ, ಅದಕ್ಕೆ ಹೆದರಬೇಕಿಲ್ಲ. ಶೌಚಾಲಯವಿಲ್ಲವೆಂದು ಹೊಲದಲ್ಲಿ ಸಂಜೆವರೆಗೆ ನೀರನ್ನೇ ಮುಟ್ಟದ ಹೆಣ್ಣುಮಕ್ಕಳ ಮೂತ್ರ ದಿನವೂ ಹೀಗೇ ಗಟ್ಟಿಯಾಗಿರುತ್ತದೆ. ಉರಿಮೂತ್ರ, ಕಿಡ್ನಿ ಕಲ್ಲು ಎರಡಕ್ಕೂ ಅದು ದಾರಿ. ಒಮ್ಮೆ ಕಲ್ಲಾದವರಿಗೆ ದಿನಕ್ಕೆ ಎರಡೂವರೆ ಲೀಟರ್ ಮೂತ್ರ ಬರುವಷ್ಟು ಕುಡಿಯಿರಿ ಎನ್ನುವುದು ಇದಕ್ಕೇ.

ನನ್ನನ್ನು ಕೇಳಿದರೆ 1.030ಕ್ಕಿಂತ ಹೆಚ್ಚು ಅನುಮಾನದಿಂದ ನೋಡಬೇಕಾದ್ದು ಅಲುಗಾಡದ 1.010. ಪ್ರೋಟೀನ್ ತೆಗೆದ ರಕ್ತದ್ರವದ ಸಾಂದ್ರತೆ ಹೆಚ್ಚುಕಡಿಮೆ ಅಷ್ಟೇ. ರಾತ್ರಿಯೆಲ್ಲ ನೀರು ಕುಡಿಯದೆ ಬೆಳಗ್ಗೆ ಕೊಟ್ಟ ಸ್ಯಾಂಪಲ್ಲೂ 1.010, ಚೆನ್ನಾಗಿ ಕುಡಿದ ಮಧ್ಯಾಹ್ನದ್ದೂ 1.010 ಎಂದರೆ, ಕಿಡ್ನಿ ಸೋಸಿದ್ದನ್ನು ಗಟ್ಟಿಯೂ ಮಾಡುತ್ತಿಲ್ಲ, ತೆಳುವೂ ಮಾಡುತ್ತಿಲ್ಲ. ಕಿಡ್ನಿ ಎಷ್ಟು ಕೆಲಸ ಮಾಡುತ್ತಿದೆ ಎಂದು ತಿಳಿಸುವ ಕ್ರಿಯಾಟಿನಿನ್ ರಕ್ತಪರೀಕ್ಷೆ ಮಾಡಿಸಲೇಬೇಕು. ಒಂದೇ ಒಂದು ರಿಪೋರ್ಟಿನ 1.010 ಕಂಡು ಗಾಬರಿಯಾಗುವುದು ಬೇಡ. ಅದು ಆರೋಗ್ಯವಂತರಲ್ಲೂ ಬರುವ ಅಂಕಿ.

ಇನ್ನೊಂದು ಮೋಸ ಸಕ್ಕರೆ ಕಾಯಿಲೆಯದು. ಮೂತ್ರ ಕೊಡಗಟ್ಟಲೆ ಹೋಗುತ್ತದೆ, ನೋಡಲು ತಿಳಿ, ಆದರೂ ಸಾಂದ್ರತೆ ಹೆಚ್ಚು. 100 ಮಿ.ಲೀ. ಮೂತ್ರದಲ್ಲಿರುವ ಒಂದೊಂದು ಗ್ರಾಂ ಗ್ಲೂಕೋಸು ಸುಮಾರು 0.004 ಏರಿಸುತ್ತದೆ, ಪ್ರೋಟೀನಾದರೆ 0.003. ಸ್ಕ್ಯಾನಿಗೆ ಬಣ್ಣದ ಇಂಜೆಕ್ಷನ್ ಕೊಟ್ಟ ದಿನ 1.040 ಕೂಡ ದಾಟಬಹುದು. ಬಿ ವಿಟಮಿನ್ ಗುಳಿಗೆ ನುಂಗಿದವರ ಕಥೆ ಉಲ್ಟಾ: ಬಣ್ಣ ಅಚ್ಚ ಹಳದಿ, ಸಾಂದ್ರತೆ ಕಡಿಮೆಯೇ ಇರಬಹುದು.

ಅಳತೆಯಲ್ಲೂ ಎಡವಟ್ಟುಗಳಿವೆ. ಮೂತ್ರದಲ್ಲಿ ಅದ್ದಿ ಬಣ್ಣ ನೋಡುವ ಸ್ಟ್ರಿಪ್ಪು ಉಪ್ಪಿನಂಶವನ್ನಷ್ಟೇ ಹಿಡಿಯುತ್ತದೆ, ಸಕ್ಕರೆ ಅದಕ್ಕೆ ಗೊತ್ತಾಗುವುದಿಲ್ಲ. ಬೆಳಕು ಎಷ್ಟು ಬಾಗುತ್ತದೆ ಎಂದು ನೋಡಿ ಅಳೆಯುವ ರಿಫ್ರಾಕ್ಟೋಮೀಟರಿಗೆ ಒಂದೆರಡು ಹನಿ ಸಾಕು. ತೇಲುವ ಯೂರಿನೋಮೀಟರಾದರೆ ಜಾರಿನ ಗೋಡೆಗೆ ತಾಗದಂತೆ ಮೆಲ್ಲಗೆ ತಿರುಗಿಸಿ ಬಿಟ್ಟು, ನೊರೆ ತೆಗೆದು, ಕಣ್ಣನ್ನು ದ್ರವದ ಮಟ್ಟಕ್ಕೆ ತಂದು ಬಾಗಿದ ಅಂಚಿನ ತಳದಲ್ಲಿ ಓದಬೇಕು. ಅದರ ಮೇಲೆ ನಮೂದಿಸಿದ ಉಷ್ಣಾಂಶಕ್ಕಿಂತ ಮೂತ್ರ ಪ್ರತಿ 3 ಡಿಗ್ರಿ ಬಿಸಿಯಿದ್ದರೆ 0.001 ಕೂಡಿಸಬೇಕು. 20 ಡಿಗ್ರಿಯ ಉಪಕರಣ, ಫ್ಯಾನಷ್ಟೇ ಇರುವ ಯಾದಗಿರಿಯ ಬೇಸಿಗೆ ಲ್ಯಾಬು, ಸ್ಯಾಂಪಲ್ 35 ಡಿಗ್ರಿ: ಓದಿದ್ದು 1.015, ನಿಜವಾದದ್ದು 1.020. ಈ ಕೂಡಿಕೆ ಮರೆತರೆ ನೀರು ಸಾಲದವನೂ ಸರಿಯಾಗಿದ್ದಾನೆ ಎಂದೇ ರಿಪೋರ್ಟ್ ಹೇಳುತ್ತದೆ.

ಬಿಸಿಲಿನಿಂದ ಬಂದು ಒಮ್ಮೆಲೇ ಒಂದು ಲೀಟರ್ ಬರೀ ನೀರು ಕುಡಿದರೆ ಸ್ವಲ್ಪ ಹೊತ್ತಿನಲ್ಲೇ ಮೂತ್ರ ತೆಳುವಾಗುತ್ತದೆ, ಮೈಯ ಕೊರತೆ ಮಾತ್ರ ತುಂಬಿರುವುದಿಲ್ಲ. ಉಪ್ಪು ಹಾಕಿದ ಮಜ್ಜಿಗೆಯನ್ನು ಆಗಾಗ ಕುಡಿಯುವುದು ಮೇಲು, ವಾಂತಿಭೇದಿಯಿದ್ದರೆ ಒಆರ್‌ಎಸ್. ಹೃದಯ ಅಥವಾ ಕಿಡ್ನಿ ತೊಂದರೆಗೆ ಡಾಕ್ಟರು ನೀರಿಗೆ ಮಿತಿ ಹಾಕಿರುವವರು, ಮೂತ್ರ ಹೆಚ್ಚಿಸುವ ಮಾತ್ರೆ ತೆಗೆದುಕೊಳ್ಳುವವರು ಈ ಅಂಕಿ ನೋಡಿಕೊಂಡು ತಾವಾಗಿಯೇ ನೀರು ಹೆಚ್ಚು ಕಡಿಮೆ ಮಾಡಬಾರದು.