ಬೀಗ ಹಾಕಿದ ಕಪಾಟು, ತೆರೆದ ಕ್ಯಾನು

ಸುರಕ್ಷತಾ ತಪಾಸಣೆಗೆ ಹೋದ ಕಡೆಯಲ್ಲೆಲ್ಲ ನಾನು ಮೊದಲು ಓದುವುದು ಗೋಡೆಗೆ ಅಂಟಿಸಿದ ನಿಯಮಗಳ ಹಾಳೆಯನ್ನು. ಅದು ಹೊತ್ತಿಕೊಳ್ಳುವ ದ್ರವಗಳ ಕುರಿತದ್ದಾದರೆ ಮುಕ್ಕಾಲು ಪಾಲು ಕಪಾಟಿನ ವರ್ಣನೆಯೇ ಇರುತ್ತದೆ: ಎಂಥ ಕಪಾಟು, ಬೀಗದ ಕೈ ಯಾರ ಬಳಿ, ದಾಸ್ತಾನು ಪುಸ್ತಕಕ್ಕೆ ಸಹಿ ಯಾರದು, ಎಚ್ಚರಿಕೆ ಫಲಕ ಎಷ್ಟು ದೊಡ್ಡದು. ಕೊನೆಗೊಂದು ಸಾಲು, ‘ಬಳಸುವಾಗ ಎಚ್ಚರಿಕೆ ವಹಿಸತಕ್ಕದ್ದು’ ಎಂದು. ನಾನು ವಿಚಾರಣೆ ನಡೆಸಿದ ಬೆಂಕಿ ಅವಘಡಗಳಲ್ಲಿ ಹೆಚ್ಚಿನವು ಹುಟ್ಟಿದ್ದು ಆ ಕೊನೆಯ ಸಾಲಿನ ವ್ಯಾಪ್ತಿಯಲ್ಲಿ, ಅಂದರೆ ಡ್ರಮ್ಮಿನಿಂದ ಕ್ಯಾನಿಗೆ, ಕ್ಯಾನಿನಿಂದ ಬಾಟಲಿಗೆ, ಬಾಟಲಿಯಿಂದ ಒರೆಸುವ ಬಟ್ಟೆಗೆ ದ್ರವ ಸುರಿಯುವ ಹೊತ್ತಿನಲ್ಲಿ. ಮುಚ್ಚಿದ ಕಪಾಟಿನ ಒಳಗೇ ಹುಟ್ಟಿದ ಬೆಂಕಿಯನ್ನು ನಾನು ಇನ್ನೂ ಕಂಡಿಲ್ಲ.

ದೇಶದ ಕಾನೂನು ದ್ರವಗಳನ್ನು ವರ್ಗೀಕರಿಸಿ, ಎಷ್ಟರ ಮೇಲೆ ಪರವಾನಗಿ ಬೇಕು, ಗೋದಾಮು ಎಷ್ಟು ದೂರದಲ್ಲಿರಬೇಕು ಎಂಬುದನ್ನು ಹೇಳುತ್ತದೆ. ಸ್ಥಳೀಯ ನಿಯಮದ ಕೆಲಸ ಬೇರೆ: ಈ ಕೋಣೆಯಲ್ಲಿ, ಈ ಮೇಜಿನ ಮೇಲೆ, ಈ ಕೆಲಸಕ್ಕೆ ಎಷ್ಟು ದ್ರವ ಇರಬಹುದು, ಅದನ್ನು ಯಾವ ಪಾತ್ರೆಯಲ್ಲಿ ಯಾರು ಹೇಗೆ ಸುರಿಯಬೇಕು, ಚೆಲ್ಲಿದರೆ ಮೊದಲ ಅರ್ಧ ನಿಮಿಷದಲ್ಲಿ ಏನಾಗಬೇಕು ಎಂಬುದನ್ನು ಅದು ಹೇಳಬೇಕು. ಕಾನೂನಿನ ವಾಕ್ಯಗಳನ್ನೇ ನಕಲು ಮಾಡಿ ಕೆಳಗೆ ಮುಖ್ಯಸ್ಥರ ಸಹಿ ಹಾಕಿದ ಹಾಳೆಯನ್ನು ಸ್ಥಳೀಯ ನಿಯಮವೆಂದು ನಾನು ಒಪ್ಪುವುದಿಲ್ಲ.

ಇಂಥ ನಿಯಮ ಬರೆಯುವವರು ಮೊದಲು ನೆನಪಿಡಬೇಕಾದದ್ದು ಹೊತ್ತಿಕೊಳ್ಳುವುದು ದ್ರವದ ಆವಿ ಎಂಬುದನ್ನು. ದ್ರವದ ಮೇಲೆ ಹೊತ್ತಿಕೊಳ್ಳುವಷ್ಟು ಆವಿ ಕಟ್ಟುವ ಕನಿಷ್ಠ ತಾಪಮಾನವೇ ಫ್ಲಾಶ್ ಪಾಯಿಂಟ್. ಪೆಟ್ರೋಲಿಗೆ ಅದು ಸುಮಾರು ಮೈನಸ್ 40 ಡಿಗ್ರಿ ಸೆಲ್ಸಿಯಸ್, ಅಸಿಟೋನಿಗೆ ಸುಮಾರು ಮೈನಸ್ 20, ಟೊಲೀನಿಗೆ 4, ಶುದ್ಧ ಎಥನಾಲಿಗೆ 13ರ ಆಸುಪಾಸು. ಸೀಮೆಎಣ್ಣೆಗೆ ಸಾಮಾನ್ಯವಾಗಿ 38ಕ್ಕಿಂತ ಮೇಲೆ. ರಾಸಾಯನಿಕಗಳ ಅಪಾಯವನ್ನು ಎಲ್ಲೆಡೆ ಒಂದೇ ರೀತಿ ಗುರುತಿಸಲು ವಿಶ್ವಸಂಸ್ಥೆ ರೂಪಿಸಿದ ಜಿಎಚ್‌ಎಸ್ ವರ್ಗೀಕರಣ ನಿಂತಿರುವುದೂ ಈ ಲೆಕ್ಕದ ಮೇಲೆಯೇ. ಫ್ಲಾಶ್ ಪಾಯಿಂಟ್ 23 ಡಿಗ್ರಿಗಿಂತ ಕೆಳಗಿದ್ದು ಕುದಿಬಿಂದು 35 ಡಿಗ್ರಿ ಮೀರದಿದ್ದರೆ ಒಂದನೆಯ ವರ್ಗ, ಕುದಿಬಿಂದು ಅದಕ್ಕಿಂತ ಹೆಚ್ಚಿದ್ದರೆ ಎರಡನೆಯದು, ಫ್ಲಾಶ್ ಪಾಯಿಂಟ್ 23ರಿಂದ 60ರವರೆಗಿದ್ದರೆ ಮೂರನೆಯದು, 60ನ್ನು ದಾಟಿ 93ರವರೆಗಿದ್ದರೆ ನಾಲ್ಕನೆಯದು. ಮೊದಲೆರಡು ವರ್ಗದ ದ್ರವಗಳು ಸಾಮಾನ್ಯ ಕೋಣೆಯ ತಾಪದಲ್ಲಿ ಕಿಡಿಗಾಗಿ ಕಾದು ಕುಳಿತಂತೆಯೇ ಇರುತ್ತವೆ. ಮೂರು, ನಾಲ್ಕನೆಯ ವರ್ಗದವು ಸುರಕ್ಷಿತವೆಂದು ಭಾವಿಸುವವರು ಎರಡು ಸಂಗತಿ ಮರೆಯುತ್ತಾರೆ: ಬಿಸಿ ಮಾಡಿದರೆ ಅಥವಾ ತುಂತುರಾಗಿ ಸಿಂಪಡಿಸಿದರೆ ಅವೂ ಸುಲಭವಾಗಿ ಹೊತ್ತಿಕೊಳ್ಳುತ್ತವೆ, ಮತ್ತು ಡೀಸೆಲಿಗೆ ತುಸು ಪೆಟ್ರೋಲ್ ಬೆರೆತರೂ ಅದರ ಫ್ಲಾಶ್ ಪಾಯಿಂಟ್ ಪಾತಾಳಕ್ಕಿಳಿಯುತ್ತದೆ. ಲೇಬಲ್ ಮಾತ್ರ ಡೀಸೆಲ್ ಎಂದೇ ಹೇಳುತ್ತಿರುತ್ತದೆ.

ಮೇಜಿನ ಮೇಲೆ ಎಷ್ಟು ಇರಬಹುದು ಎಂಬ ಪ್ರಶ್ನೆಗೆ ತರಬೇತಿಯಲ್ಲಿ ನಾನು ಕಪ್ಪು ಹಲಗೆಯ ಮೇಲೆ ಒಂದು ಲೆಕ್ಕ ಮಾಡಿಸುತ್ತೇನೆ. ಒಂದು ಲೀಟರ್ ಅಸಿಟೋನಿನ ತೂಕ ಸುಮಾರು 790 ಗ್ರಾಂ. ಅದು ಪೂರ್ತಿ ಆವಿಯಾದರೆ ಸುಮಾರು 330 ಲೀಟರ್ ಆವಿಯಾಗುತ್ತದೆ. ಗಾಳಿಯಲ್ಲಿ ಅಸಿಟೋನ್ ಆವಿ ಶೇಕಡ 2.5ರಷ್ಟಿದ್ದರೆ ಹೊತ್ತಿಕೊಳ್ಳಲು ಸಾಕು. ಎಂದರೆ ಒಂದೇ ಲೀಟರು ಸುಮಾರು 13 ಘನ ಮೀಟರ್ ಗಾಳಿಯನ್ನು ಹೊತ್ತಿಕೊಳ್ಳುವ ಮಿಶ್ರಣವನ್ನಾಗಿ ಮಾಡಬಲ್ಲದು: ಐದು ಮೀಟರ್ ಉದ್ದ, ಐದು ಮೀಟರ್ ಅಗಲದ ಕೋಣೆಯಲ್ಲಿ ಹೆಚ್ಚುಕಡಿಮೆ ಮೊಣಕಾಲಿನ ಎತ್ತರದವರೆಗೆ. ನಿಜವಾದ ಕೋಣೆಯಲ್ಲಿ ಆವಿ ಹೀಗೆ ಸಮವಾಗಿ ಹರಡುವುದಿಲ್ಲ, ನಿಜ. ಆದರೂ ಮೊಣಕಾಲಿನ ಚಿತ್ರವನ್ನು ನಾನು ಬಿಟ್ಟುಕೊಡುವುದಿಲ್ಲ. ಏಕೆಂದರೆ ಅಸಿಟೋನ್ ಆವಿ ಗಾಳಿಗಿಂತ ಎರಡು ಪಟ್ಟು ಭಾರ, ಪೆಟ್ರೋಲಿನದು ಮೂರು-ನಾಲ್ಕು ಪಟ್ಟು. ಅದು ನೀರಿನಂತೆ ನೆಲ ಹಿಡಿದು ಹರಿದು, ಚರಂಡಿಗೂ ನೆಲಮಾಳಿಗೆಗೂ ಇಳಿದು, ಬಹುದೂರದಲ್ಲಿರುವ ಹೀಟರನ್ನೋ ನೆಲದ ಹತ್ತಿರದ ಸಾಕೆಟ್ಟನ್ನೋ ಮುಟ್ಟಿ, ಬೆಂಕಿಯನ್ನು ಹಿಡಿದುಕೊಂಡು ಬಂದ ದಾರಿಯಲ್ಲೇ ಮರಳುತ್ತದೆ. ಮೂಗಿನ ಮಟ್ಟದಲ್ಲಿ ವಾಸನೆ ಕಡಿಮೆಯಿದೆ ಎಂಬುದು ಕಾಲ ಬಳಿ ಏನಿದೆ ಎಂಬುದಕ್ಕೆ ಸಾಕ್ಷಿಯಾಗದು. ಗಾಳಿ ಹೊರದೂಡುವ ಫ್ಯಾನು ಮೇಲ್ಛಾವಣಿಯ ಬಳಿ ಮಾತ್ರ ಇರುವ ಕೋಣೆಗಳನ್ನು ಕಂಡಾಗಲೆಲ್ಲ, ಅದನ್ನು ಕೂಡಿಸಿದವರಿಗೆ ಈ ಲೆಕ್ಕವನ್ನು ಯಾರೂ ತೋರಿಸಿಲ್ಲವೆಂದು ತಿಳಿದುಕೊಳ್ಳುತ್ತೇನೆ.

ಕಪಾಟಿನ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಎರಡು ಪದರದ ಉಕ್ಕಿನ ತಗಡು, ನಡುವೆ ಗಾಳಿಯ ಅಂತರ, ಸೋರಿದ್ದು ಹೊರಬರದಂತೆ ಎತ್ತರಿಸಿದ ಹೊಸ್ತಿಲು, ತಾನಾಗಿ ಮುಚ್ಚಿಕೊಳ್ಳುವ ಬಾಗಿಲು. ಹೊರಗೆ ಬೆಂಕಿ ಬಿದ್ದಾಗ ಜನ ಹೊರಹೋಗಲು ಬೇಕಾದ ಕೆಲವು ನಿಮಿಷ ಒಳಗಿನ ಸಾಮಾನನ್ನು ಕಾಯುವುದಷ್ಟೇ ಅದರ ಉದ್ದೇಶ. ಯೂರೋಪಿನ ಮಾನದಂಡ ಈ ಕಪಾಟುಗಳನ್ನು 15, 30, 60, 90 ನಿಮಿಷವೆಂದು ಗುರುತಿಸುವುದೂ ಅದಕ್ಕೇ. ತೆರೆದಿಟ್ಟ ಬಾಗಿಲಿನ ಕಪಾಟಿಗೆ ಈ ಯಾವ ಗುಣವೂ ಉಳಿಯುವುದಿಲ್ಲ. ಒಂದು ಕಡೆ ಬಾಗಿಲ ಕೆಳಗೆ ನಾಲ್ಕು ಮಡಿಕೆ ಮಾಡಿದ ರಟ್ಟು ತುರುಕಿದ್ದನ್ನು ಕಂಡೆ. ರಟ್ಟು ಸವೆದು ನುಣುಪಾಗಿತ್ತು, ಅಂದರೆ ಅದು ಅಂದಿನದ್ದಲ್ಲ. ಕೇಳಿದರೆ ಕೆಲಸಗಾರರು ಸಂಕೋಚಪಡದೆ ಹೇಳಿದರು: ‘ಸಾರ್, ದಿನಕ್ಕೆ ನಲವತ್ತು ಸಲ ಬಾಟಲಿ ತೆಗೆಯಬೇಕು, ಎರಡೂ ಕೈಯಲ್ಲಿ ಸಾಮಾನು ಇರುತ್ತೆ.’ ತಪ್ಪು ಅವರದ್ದೆಂದು ನನಗನ್ನಿಸಲಿಲ್ಲ. ‘ಬಳಕೆಯಾದ ಕೂಡಲೇ ಬಾಟಲಿಯನ್ನು ಕಪಾಟಿಗೆ ಹಿಂತಿರುಗಿಸಬೇಕು’ ಎಂದು ಬರೆದವರು ದಿನಕ್ಕೆ ಎಷ್ಟು ಸಲ ಎಂದು ಎಣಿಸಿರಲಿಲ್ಲ. ಒಂದು ಪಾಳಿಗೆ ಬೇಕಾದಷ್ಟನ್ನು, ಸ್ಪ್ರಿಂಗಿನಿಂದ ತಾನೇ ಮುಚ್ಚಿಕೊಳ್ಳುವ ಮುಚ್ಚಳವೂ ಬಾಯಲ್ಲಿ ಜ್ವಾಲೆ ತಡೆಯುವ ಜಾಲರಿಯೂ ಇರುವ ಲೋಹದ ಸುರಕ್ಷತಾ ಕ್ಯಾನಿನಲ್ಲಿ ಮೇಜಿನ ಬಳಿ ಇಡಲು ಅನುಮತಿ ಕೊಟ್ಟ ಮೇಲೆ ಆ ರಟ್ಟು ಮತ್ತೆ ಕಾಣಿಸಲಿಲ್ಲ.

ಇನ್ನು ಸುರಿಯುವ ಕ್ಷಣ. ಟೊಲೀನ್, ಪೆಟ್ರೋಲ್, ಹೆಕ್ಸೇನ್ ಮುಂತಾದವು ವಿದ್ಯುತ್ತನ್ನು ಸರಿಯಾಗಿ ಹರಿಯಗೊಡದ ದ್ರವಗಳಾದ್ದರಿಂದ, ಕೊಳವೆಯಲ್ಲಿ ಹರಿಯುವಾಗ, ಫಿಲ್ಟರ್ ದಾಟುವಾಗ, ಮೇಲಿಂದ ಬಿದ್ದು ಚಿಮ್ಮುವಾಗ ಅವುಗಳಲ್ಲಿ ಸ್ಥಿರ ವಿದ್ಯುತ್ ಕೂಡಿಕೊಳ್ಳುತ್ತದೆ ಮತ್ತು ಇಳಿದುಹೋಗಲು ದಾರಿ ಸಿಗದೆ ಕಾಯುತ್ತದೆ. ಪೆಟ್ರೋಲ್ ಆವಿ ಹೊತ್ತಿಕೊಳ್ಳಲು ಸುಮಾರು ಕಾಲು ಮಿಲಿಜೌಲ್ ಶಕ್ತಿಯ ಕಿಡಿ ಸಾಕು. ಬಾಗಿಲ ಹಿಡಿಕೆ ಮುಟ್ಟಿದಾಗ ಬೆರಳಿಗೆ ಚುರುಕ್ಕೆನ್ನುತ್ತದಲ್ಲ, ಆ ಅನುಭವವಾಗಲು ಮೈಮೇಲೆ ಸುಮಾರು 3,000 ವೋಲ್ಟ್ ಇರಬೇಕು, ಮತ್ತು ಆ ಕಿಡಿಯಲ್ಲಿ ಆಗಲೇ ಈ ಕಾಲು ಮಿಲಿಜೌಲಿಗಿಂತ ಹೆಚ್ಚು ಶಕ್ತಿ ಇರುತ್ತದೆ. ಅದಕ್ಕಿಂತ ಚಿಕ್ಕ, ಗಮನಕ್ಕೇ ಬಾರದ ಕಿಡಿಯೂ ಸಾಕಾಗಬಹುದು.

ಆದ್ದರಿಂದ ಸುರಿಯುವ ಮೊದಲು ಎರಡೂ ಲೋಹದ ಪಾತ್ರೆಗಳನ್ನು ತಂತಿಯಿಂದ ಒಂದಕ್ಕೊಂದು ಸಂಪರ್ಕಿಸಬೇಕು, ಡ್ರಮ್ಮನ್ನು ಅರ್ಥಿಂಗಿಗೆ ಜೋಡಿಸಬೇಕು, ಕ್ಲಿಪ್ಪು ಬಣ್ಣದ ಮೇಲೆ ಕಚ್ಚದೆ ಬರಿಯ ಲೋಹವನ್ನು ಕಚ್ಚಿರಬೇಕು. ಕ್ಲಿಪ್ಪಿನ ಹಲ್ಲುಗಳ ಕೆಳಗೆ ದಪ್ಪ ನೀಲಿ ಬಣ್ಣ ಹಾಗೆಯೇ ಹೊಳೆಯುತ್ತಿದ್ದ ಡ್ರಮ್ಮುಗಳನ್ನು ನಾನು ಲೆಕ್ಕವಿಲ್ಲದಷ್ಟು ಕಂಡಿದ್ದೇನೆ. ದಾಖಲೆ ಪುಸ್ತಕದಲ್ಲಿ ‘ಅರ್ಥಿಂಗ್ ಪರೀಕ್ಷಿಸಲಾಗಿದೆ’ ಎಂಬ ಸಹಿ ಮಾತ್ರ ತಪ್ಪದೆ ಇತ್ತು. ಕೊಳವೆಯ ತುದಿ ಪಾತ್ರೆಯ ತಳ ಮುಟ್ಟಬೇಕು, ಆ ತುದಿ ದ್ರವದಲ್ಲಿ ಮುಳುಗುವವರೆಗೆ ಹರಿವು ಸೆಕೆಂಡಿಗೆ ಒಂದು ಮೀಟರ್ ದಾಟಬಾರದು. ಪ್ಲಾಸ್ಟಿಕ್ ಹಿಡಿಯ ಲೋಹದ ಬಕೆಟ್ಟನ್ನು ನಲ್ಲಿಗೆ ನೇತುಹಾಕಿ ತುಂಬುವ ಅಭ್ಯಾಸ ವಿಶೇಷವಾಗಿ ಕೆಟ್ಟದ್ದು: ಹಿಡಿ ವಿದ್ಯುತ್ತನ್ನು ನೆಲಕ್ಕೆ ಬಿಡುವುದಿಲ್ಲ, ಬಕೆಟ್ಟು ಅದನ್ನು ತುಂಬಿಟ್ಟುಕೊಂಡು ನಲ್ಲಿಗೇ ಕಿಡಿಯಾಗಿ ಹಿಂದಿರುಗಿಸುತ್ತದೆ.

ತ್ಯಾಜ್ಯದ ಕ್ಯಾನನ್ನು ಯಾರೂ ದಾಸ್ತಾನು ಎಂದು ಎಣಿಸುವುದಿಲ್ಲ. ನಾನು ಕಂಡ ಅನೇಕ ತ್ಯಾಜ್ಯದ ಕ್ಯಾನುಗಳ ಬಾಯಲ್ಲಿ ಒಂದು ಆಲಿಕೆ ಶಾಶ್ವತವಾಗಿ ನೆಟ್ಟಿರುತ್ತದೆ, ಮುಚ್ಚಳ ಪಕ್ಕದಲ್ಲಿ ದಾರಕ್ಕೆ ನೇತಾಡುತ್ತಿರುತ್ತದೆ. ಹಗಲಿರುಳು ಆವಿ ಬಿಡುವ ಈ ಕ್ಯಾನು ಬೀಗ ಹಾಕಿದ ಕಪಾಟಿನ ಪಕ್ಕದಲ್ಲೇ ಕುಳಿತಿರುವುದು ಇನ್ನೂ ವಿಚಿತ್ರ. ಅದರೊಳಗೆ ಏನೇನು ಸೇರಿದೆ ಎಂಬುದೂ ಪ್ರಶ್ನೆಯೇ: ಅಸಿಟೋನ್ ಇರುವ ಕ್ಯಾನಿಗೆ ನೈಟ್ರಿಕ್ ಆಮ್ಲವನ್ನೋ ಪ್ರಬಲ ಹೈಡ್ರೋಜನ್ ಪೆರಾಕ್ಸೈಡನ್ನೋ ಸುರಿದರೆ ಹೊರಗಿನ ಕಿಡಿಯೇ ಬೇಕಾಗುವುದಿಲ್ಲ. ಇಂಥ ಆಕ್ಸಿಡೈಸರುಗಳಿಗೆ, ಅಂದರೆ ಬೇರೆ ವಸ್ತುಗಳ ಉರಿಯನ್ನು ಹೆಚ್ಚಿಸುವ ರಾಸಾಯನಿಕಗಳಿಗೆ, ಬೇರೆ ಕಪಾಟು, ಬೇರೆ ಕ್ಯಾನು, ಸಾಧ್ಯವಾದರೆ ಬೇರೆ ಮೂಲೆ ಎಂಬ ವಿಷಯದಲ್ಲಿ ನಾನು ರಾಜಿಯಾಗುವುದಿಲ್ಲ.

ಖಾಲಿ ಡ್ರಮ್ಮು ತುಂಬಿದ ಡ್ರಮ್ಮಿಗಿಂತ ಅಪಾಯಕಾರಿಯಾಗಬಹುದು, ಏಕೆಂದರೆ ತಳದಲ್ಲಿ ಉಳಿದ ಲೋಟದಷ್ಟು ದ್ರವ ಇಡೀ ಡ್ರಮ್ಮಿನ ಗಾಳಿಯನ್ನು ಹೊತ್ತಿಕೊಳ್ಳುವ ಮಿಶ್ರಣವಾಗಿಸುತ್ತದೆ. ಅದನ್ನು ಕತ್ತರಿಸಿ ತೊಟ್ಟಿ ಮಾಡಲು ಹೊರಟ ವೆಲ್ಡಿಂಗ್ ಕೆಲಸಗಾರನಿಗೆ ಅದು ಬರಿಯ ತಗಡಾಗಿ ಕಾಣುತ್ತದೆ. ಖಾಲಿಯಾದದ್ದಕ್ಕೂ ಮುಚ್ಚಳ ಮತ್ತು ಮೂಲ ಲೇಬಲ್ ಎರಡೂ ಇರಬೇಕು, ವೆಲ್ಡಿಂಗಿನಂಥ ಬಿಸಿ ಕೆಲಸಕ್ಕೆ ಲಿಖಿತ ಅನುಮತಿ ಇರಬೇಕು.

ಫ್ರಿಜ್ಜಿನ ಬಗ್ಗೆ ಕೇಳುವವರೂ ಬಹಳ. ಡೈಈಥೈಲ್ ಈಥರಿನ ಫ್ಲಾಶ್ ಪಾಯಿಂಟ್ ಮೈನಸ್ 45 ಡಿಗ್ರಿ. 4 ಡಿಗ್ರಿಯ ಸಾಧಾರಣ ಮನೆಬಳಕೆಯ ಫ್ರಿಜ್ಜು ಅದಕ್ಕೆ ತಂಪೇ ಅಲ್ಲ. ಒಳಗಿನ ದೀಪದ ಸ್ವಿಚ್ಚು, ಥರ್ಮೋಸ್ಟಾಟ್ ಎರಡೂ ಕಿಡಿ ಹಾರಿಸುವಂಥವು, ಮುಚ್ಚಿದ ಪೆಟ್ಟಿಗೆಯಲ್ಲಿ ಆವಿಗೆ ಹೊರಹೋಗಲು ದಾರಿಯಿಲ್ಲ. ಒಳಗೆ ಕಿಡಿಮೂಲ ಇಲ್ಲದಂತೆ ತಯಾರಿಸಿದ ಫ್ರಿಜ್ಜು ಇಲ್ಲದಿದ್ದರೆ ಈಥರನ್ನು ತಣ್ಣಗಿಡುವ ಯೋಚನೆಯನ್ನೇ ಬಿಡಬೇಕು. ಈಥರಿಗೆ ಇನ್ನೊಂದು ದುರ್ಗುಣವಿದೆ. ಗಾಳಿ, ಬೆಳಕು ತಗುಲಿ ಹಳೆಯದಾದಂತೆ ಅದರಲ್ಲಿ ಸ್ಫೋಟಕ ಪೆರಾಕ್ಸೈಡುಗಳು ಕಟ್ಟುತ್ತವೆ. ಬಾಟಲಿಯ ಮೇಲೆ ತೆರೆದ ದಿನಾಂಕ ಬರೆಯುವ ನಿಯಮ ಕಚೇರಿಯ ಶಿಸ್ತಿಗಾಗಿ ಹುಟ್ಟಿದ್ದಲ್ಲ. ಮುಚ್ಚಳದ ಸುತ್ತ ಹರಳು ಕಟ್ಟಿದ ಹಳೆಯ ಬಾಟಲಿ ಸಿಕ್ಕರೆ ಅದನ್ನು ತಿರುಗಿಸಲೂ ಅಲುಗಿಸಲೂ ಹೋಗದೆ, ಕೋಣೆ ಖಾಲಿ ಮಾಡಿಸಿ ತಜ್ಞರನ್ನು ಕರೆಸಬೇಕು.

ಚೆಲ್ಲಿದಾಗ ಏನು ಮಾಡಬೇಕೆಂಬುದನ್ನು ಹಾಳೆಯಲ್ಲಿ ಅನುಕ್ರಮವಾಗಿ ಬರೆದಿರಬೇಕು. ಮೊದಲು ಜನರನ್ನು ದೂರ ಕಳಿಸಿ, ಉರಿಯುತ್ತಿರುವ ಜ್ವಾಲೆಯಿದ್ದರೆ ಆರಿಸಬೇಕು. ಆವಿ ಹಬ್ಬಿದ ಜಾಗದಲ್ಲಿ ಸ್ವಿಚ್ಚುಗಳನ್ನು ಹಾಕುವುದೂ ಬೇಡ, ಆರಿಸುವುದೂ ಬೇಡ, ವಿದ್ಯುತ್ತನ್ನು ಹೊರಗಿನಿಂದಲೇ ಕಡಿಯಬೇಕು. ಚರಂಡಿಯ ಬಾಯಿ ಮುಚ್ಚಿ, ಒಣ ಮರಳನ್ನೋ ಹೀರುವ ಪುಡಿಯನ್ನೋ ಹಾಕಿ, ಬಳಿದದ್ದನ್ನು ಮುಚ್ಚಳವಿರುವ ಲೋಹದ ಡಬ್ಬಕ್ಕೆ ತುಂಬಬೇಕು. ಬೆಂಕಿ ಹತ್ತಿದಾಗ ನೀರು ಹಾಕಿದರೆ ಪೆಟ್ರೋಲಿನಂಥವು ಅದರ ಮೇಲೆ ತೇಲಿ ಇನ್ನಷ್ಟು ಹರಡುತ್ತವೆ. ಅಸಿಟೋನ್, ಎಥನಾಲ್ ನೀರಿನಲ್ಲಿ ಬೆರೆಯುವಂಥವಾದ್ದರಿಂದ ಸಾಧಾರಣ ನೊರೆಯನ್ನು ಒಡೆದುಬಿಡುತ್ತವೆ. ಅವುಗಳಿಗೆ ಆಲ್ಕೋಹಾಲ್ ತಾಳುವ ನೊರೆಯೇ ಬೇಕು. ಒಣ ಪುಡಿ ಮತ್ತು ಕಾರ್ಬನ್ ಡೈಆಕ್ಸೈಡ್ ಸಿಲಿಂಡರುಗಳು ಚಿಕ್ಕ ಬೆಂಕಿಗೆ ಎರಡರಲ್ಲೂ ಆಗುತ್ತವೆ. ಅಗಸೆ (ಲಿನ್‌ಸೀಡ್) ಎಣ್ಣೆ ಒರೆಸಿದ ಬಟ್ಟೆಯದು ಬೇರೆಯೇ ಕಥೆ: ಮುದ್ದೆಯಾಗಿ ಮೂಲೆಗೆಸೆದರೆ ಕೆಲವು ಗಂಟೆಗಳಲ್ಲಿ ಅದು ತಾನಾಗಿ ಕಾದು ಹೊತ್ತಿಕೊಳ್ಳಬಲ್ಲದು, ಅದನ್ನು ನೀರು ತುಂಬಿದ ಮುಚ್ಚಳದ ಲೋಹದ ಡಬ್ಬದಲ್ಲಿ ಮುಳುಗಿಸಿಡಬೇಕು.

ಈಚೆಗೆ ನಾನು ತಿದ್ದಿಕೊಟ್ಟ ಹಾಳೆಯಲ್ಲಿ ಕಪಾಟಿಗೆ ನಾಲ್ಕು ಸಾಲು, ಸುರಿಯುವುದಕ್ಕೆ ಒಂದು ಪುಟ. ಅದನ್ನು ಬರೆಯುವ ಮೊದಲು ಒಂದು ಇಡೀ ಪಾಳಿ ಆ ಕೋಣೆಯಲ್ಲಿ ಕುಳಿತು, ಯಾರು ಯಾವ ಕ್ಯಾನನ್ನು ಎಲ್ಲಿ ತೆರೆಯುತ್ತಾರೆಂದು ಗುರುತು ಹಾಕಿಕೊಂಡಿದ್ದೆ. ಒಟ್ಟು ಅರವತ್ತೆರಡು ಸಲ ಮುಚ್ಚಳ ತೆರೆದಿತ್ತು. ಅದರಲ್ಲಿ ಹನ್ನೊಂದು ಸಲ, ನೆಲದ ಮೇಲಿಟ್ಟ ಒಂದು ಎಕ್ಸ್‌ಟೆನ್ಶನ್ ಬೋರ್ಡಿನಿಂದ ಎರಡು ಹೆಜ್ಜೆ ದೂರದಲ್ಲಿ. ಬೋರ್ಡನ್ನು ಅಂದೇ ತೆಗೆಸಿದೆ. ಹಳೆಯ ಹಾಳೆಯಲ್ಲಿ ಅದರ ಪ್ರಸ್ತಾಪವೇ ಇರಲಿಲ್ಲ.