ಕಟಗಿ ಬಟ್ಟಲಕ್ಕ ಎಪಾಕ್ಸಿ ಹಚ್ಚೋದು: ಕಲಿಯೋರಿಗೆ ನನ್ನ ನೋಟ್ಸ್

ಲೇತ್ (ಕಟಗಿ ತಿರಗಿಸಿ ಕೆತ್ತೋ ಮಷಿನ್) ಮ್ಯಾಲೆ ಬಟ್ಟಲ ತಿರುವೋದು ಒಂದೀಟು ಕೈಗೆ ಕುಂತೈತಿ, ಆದ್ರ ಫಿನಿಶ್‌ಗೆ ಬಂದ ಕೂಡ್ಲೆ ಎಪಾಕ್ಸಿ (ಎರಡ ದ್ರವ ಕಲಸಿ ಹಚ್ಚೋದು, ಆಮ್ಯಾಲೆ ಗಟ್ಟಿ ಆಗತೈತಿ) ನನ್ನ ಬಾಳ ಆಟ ಆಡಿಸ್ತು, ಧಾರವಾಡದ ಹವಾಕ್ಕ ಯಾವಾಗ ಹಚ್ಚಬೇಕು ಹೆಂಗ ಹಚ್ಚಬೇಕು ಅನ್ನೋದು ತಿಳಿಯಾಕ ನಾಕೈದ ಬಟ್ಟಲ ಹಾಳಾದ್ವು. ಎಲ್ಲಾ ತಪ್ಪಿಗೂ ಬುಡ ಒಂದ: ಇದನ್ನ ಪಾಲಿಶ್ ಅಂತ ತಿಳ್ಕೊಂಡಿದ್ದೆ.

ಬಡಿಗ್ಯಾರು ಹಚ್ಚೋ ಅರಗಿನ ಪಾಲಿಶ್‌ನಾಗ ಸ್ಪಿರಿಟ್ ಹಾರಿ ಹೋಗತೈತಿ, ಅರಗು ಉಳೀತೈತಿ, ಅಷ್ಟ. ಎಪಾಕ್ಸಿ ಹಂಗ ಒಣಗೋ ವಸ್ತು ಅಲ್ರಿ. ರೆಸಿನ್ (ಮೂಲ ಅಂಟು) ಒಂದು, ಹಾರ್ಡನರ್ (ಅದನ್ನ ಗಟ್ಟಿ ಮಾಡೋ ದ್ರವ) ಒಂದು, ಎರಡರ ಅಣು ಒಂದಕ್ಕೊಂದು ಗಂಟ ಹಾಕ್ಕೊಂಡು ಜಾಳಗಿ ಆಗತಾವ. (ನಳ ಸೋರಿದ್ರ ಮೆತ್ತೋ ಎಂ-ಸೀಲ್, ಎರಡ ಟ್ಯೂಬಿನ ಅರಾಲ್ಡೈಟ್ ಎಲ್ಲಾ ಇದ ಮನಿತನದ್ದು.) ಹಿಂಗಾಗಿ ಲಗೂನ ಗಟ್ಟಿ ಆಗ್ಲಿ ಅಂತ ಹಾರ್ಡನರ್ ಜಾಸ್ತಿ ಸುರುವಿದ್ರ ಉಪಯೋಗಿಲ್ಲ, ಜೋಡಿ ಸಿಗದ ಹಾರ್ಡನರ್ ಒಳಗ ಹಂಗ ಉಳದು ಬಟ್ಟಲ ತಿಂಗಳಾದ್ರೂ ಅಂಟ ಅಂಟ ಅಂತಿರತೈತಿ.

ಈಗ ತೂಕದ ಮಾತು, ಇಲ್ಲೆ ಬಾಳ ಮಂದಿ ಎಡವೋದು. ಡಬ್ಬಿ ಮ್ಯಾಲೆ 2:1 ಅಂತ ಇದ್ರ ಅದು ಅಳತಿದೋ (ಮಿ.ಲೀ. ಲೆಕ್ಕ) ತೂಕದ್ದೋ (ಗ್ರಾಂ ಲೆಕ್ಕ) ಓದ್ರಿ. ರೆಸಿನ್ ಭಾರ, ಹಾರ್ಡನರ್ ಹಗರ, ಅದಕ್ಕ ಅಳತಿಯೊಳಗ 2:1 ಇದ್ದದ್ದು ತೂಕದಾಗ ಸಾಮಾನ್ಯವಾಗಿ 100ಕ್ಕ 43ರ ಆಜುಬಾಜು ಬರತೈತಿ, 50 ಅಲ್ಲ. 8 ಇಂಚಿನ ಬಟ್ಟಲಕ್ಕ ಒಳಗ ಹೊರಗ ಸೇರಿ ತೆಳ್ಳಗ ಒಂದ ಕೋಟ್ ಹಚ್ಚಾಕ 15 ಗ್ರಾಂ ಸಾಕಾಗತೈತಿ, ಅದರಾಗ ಹಾರ್ಡನರ್ ನಾಕೂವರಿ ಗ್ರಾಂ, ಅಡಗಿಮನಿ ತಕ್ಕಡಿ ಒಂದ ಗ್ರಾಂ ಆಕಡೆ ಈಕಡೆ ಆತಂದ್ರ ಐದರಾಗ ಒಂದ ಪಾಲು ತಪ್ಪಿದಂಗ ಆತು. 0.1 ಗ್ರಾಂ ತೋರ್ಸೋ ಸಣ್ಣ ತಕ್ಕಡಿ ತಗೋರಿ. ಕಪ್ಪಿನ ಬದಿ, ತಳ ಕೆರದು ಕೆರದು ಕಲಸ್ರಿ, ಆಮ್ಯಾಲೆ ಬ್ಯಾರೆ ಕಪ್ಪಿಗೆ ಸುರುವಿ ಮತ್ತ ಕಲಸ್ರಿ.

ಕಲಸಿದ್ದು ಕಪ್ಪಿನಾಗ ಗುಂಪಾಗಿ ಕುಂತ್ರ ತನ್ನ ಶಾಖಕ್ಕ ತಾನ ಬಿಸಿ ಆಗಿ ಲಗೂ ಗಟ್ಟಿ ಆಗತೈತಿ, ಏಪ್ರಿಲ್ ತಿಂಗಳ ಹುಬ್ಬಳ್ಳಿ ಬಿಸಲಾಗಂತೂ ಕೇಳಬ್ಯಾಡ್ರಿ. ಅಗಲ ತಾಟಿಗೆ ಹರವಿದ್ರ ಟೈಮ್ ಸಿಗತೈತಿ.

ಗುಳ್ಳಿ ಯಾಕ ಏಳತಾವ? ಕಲಸುವಾಗ ಸೇರಿದ ಗಾಳಿ ಅಂತ ನಾನೂ ಅನ್ಕೊಂಡಿದ್ದೆ, ಅದು ಅರ್ಧ ಅಷ್ಟ. ಕಟಗಿ ಅಂದ್ರ ಸಣ್ಣ ಸಣ್ಣ ನಳಗಿ ಇದ್ದಂಗ, ಒಳಗ ಗಾಳಿ ತುಂಬಿರತೈತಿ. ಮುಂಜಾನೆ ಥಂಡ್ಯಾಗ ಹಚ್ಚಿದ್ವಿ ಅಂದ್ರ ಬಿಸಲ ಏರಿದಂಗ ಆ ಗಾಳಿ ಉಬ್ಬಿ ಕೋಟ್ ಒಡದು ಹೊರಗ ಬರತೈತಿ. ಬಟ್ಟಲದಾಗ ಎಳಿ ಕೊನಿ, ಅಂದ್ರ ಈ ನಳಗಿ, ಬಾಯಿ ತೆರೆಯೋದು ಎದರಬದರ ಎರಡ ಕಡೆ, ನೋಡ್ರಿ ಬೇಕಾರ, ಗುಳ್ಳಿ ಬರೋದೂ ಬಾಳಷ್ಟು ಅಲ್ಲೆ. ಅದಕ್ಕ ಉಲ್ಟಾ ಮಾಡ್ರಿ: ಮಧ್ಯಾಹ್ನ ಬಟ್ಟಲ ಬಿಸಲಿಗೆ ಇಟ್ಟು ಬೆಚ್ಚಗ ಮಾಡಿ, ಸಂಜೀಮುಂದ ಒಳಗ ತಂದು ಹಚ್ರಿ. ಕಟಗಿ ತಣ್ಣಗಾದಂಗ ಗಾಳಿ ಕುಗ್ಗಿ ಎಪಾಕ್ಸಿನ ಒಳಗ ಎಳಕೋತೈತಿ. ಇದೊಂದು ತಿಳದ ಮ್ಯಾಲೆ ನನ್ನ ಅರ್ಧ ತಲಿಬ್ಯಾನಿ ಹೋತು.

ಹಸಿ ಕಟಗಿಗೆ ಮಾತ್ರ ಹಚ್ಚಾಕ ಹೋಗಬ್ಯಾಡ್ರಿ. ಆಗಷ್ಟ ಕಡದ ಬೇವಿನ ತುಂಡು ತಿರುವಿ ಹಂಗ ಹಚ್ಚಿದ್ದೆ, ಎರಡ ತಿಂಗಳಾಗ ಬಟ್ಟಲ ಮೊಟ್ಟಿ ಆಕಾರಕ್ಕ ಬಂದು ಅಂಚಿನ ಕೋಟ್ ಸಿಪ್ಪಿ ಎದ್ದಂಗ ಎದ್ದು ಬಂತು. ಮೊದ್ಲ ದಪ್ಪಗ ತಿರುವಿಡ್ರಿ, ಅಗಲದ ಹತ್ತನೇ ಒಂದ ಪಾಲು ದಪ್ಪ, ವಾರಾ ವಾರಾ ತೂಕ ಮಾಡ್ರಿ, ತೂಕ ಇಳಿಯೋದು ನಿಂತ ಮ್ಯಾಲೆ ಎರಡನೇ ಸಲ ತಿರುವ್ರಿ. ಸಾಗವಾನಿ ಆದ್ರ ಅದರಾಗ ಎಣ್ಣಿ ಅಂಶ ಇರತೈತಿ, ಪಾಲಿಶ್ ಪೇಪರ್ ಹೊಡದು ಅಸಿಟೋನ್‌ನಿಂದ ಒರಸಿ ಆಮ್ಯಾಲೆ ಹಚ್ರಿ.

ಹಚ್ಚಿದ್ದು ಕೆಳಗ ಇಳೀಬಾರ್ದು ಅಂತ ಲೇತ್ ಚಾಲೂ ಮಾಡಿದ್ರ ಮಿನಿಟಿಗೆ 500 ಸುತ್ತಿನಾಗ ಗ್ವಾಡಿ ತುಂಬಾ ಓಕಳಿ! ಕೈಲೆ ತಿರುವ್ರಿ, ಇಲ್ಲಂದ್ರ ಹಳೆ ಮೈಕ್ರೋವೇವ್ ಓವನ್‌ನಾಗ ತಾಟ ತಿರಗಸೋ ಮೋಟಾರ್ ಹುಡುಕ್ರಿ, ಮಿನಿಟಿಗೆ 5-6 ಸುತ್ತು ತಿರಗತೈತಿ, ಹಗರ ಬಟ್ಟಲಕ್ಕ ನಡೀತೈತಿ. ನನ್ನ ಕೇಳಿದ್ರ ದಪ್ಪ ಕೋಟ್ ಬ್ಯಾಡೇ ಬ್ಯಾಡ, ಪ್ಲಾಸ್ಟಿಕ್ ಬಟ್ಟಲ ಕಂಡಂಗ ಕಾಣತೈತಿ. ಹಚ್ಚಿ, ಒಂದೀಟು ಹೀರಾಕ ಬಿಟ್ಟು, ಮ್ಯಾಲಿಂದ ಅರಬಿಲೆ ಒರಸಿ ತಗೀರಿ, ಹಿಂಗ ಮೂರ ಸಲ. ಇನ್ನೂ ಅಂಟ ಇದ್ದಾಗ ಮುಂದಿನ ಕೋಟ್ ಹಚ್ಚಿದ್ರ ಹಂಗ ಬೆಸೀತೈತಿ, ಪೂರ್ತಿ ಗಟ್ಟಿ ಆದ್ರ 220 ನಂಬರ್ ಪಾಲಿಶ್ ಪೇಪರ್ ಹೊಡದ ಹಚ್ಚಬೇಕು. ಮಳಿಗಾಲದಾಗ ಮ್ಯಾಲೆ ಮೇಣದಂಥ ಪದರ ಬಂದ್ರ ಮೊದ್ಲ ನೀರಿಲೆ ತೊಳೀರಿ, ತೊಳೀದ ಪೇಪರ್ ಹೊಡದ್ರ ಅದು ಇನ್ನೂ ಒಳಗ ಸೇರತೈತಿ.

ಕೈಗೆ ನೈಟ್ರೈಲ್ ಗ್ಲೌಸ್, ಪೇಪರ್ ಹೊಡಿಯುವಾಗ ಮಾಸ್ಕ್. ಅರೆಬರೆ ಗಟ್ಟಿ ಆದ ಎಪಾಕ್ಸಿ ಧೂಳಿನಿಂದ ಅಲರ್ಜಿ ಒಮ್ಮಿ ಹಿಡೀತಂದ್ರ ಆಮ್ಯಾಲೆ ಬಿಡೋದು ಕಷ್ಟ.

ಊಟಕ್ಕ ಬಳಸೋದಿದ್ರ ಡಬ್ಬಿ ಮ್ಯಾಲೆ ಆಹಾರಕ್ಕ ನಡೀತೈತಿ ಅಂತ ಬರದದ್ದ ತಗೋರಿ, ಹಚ್ಚಿ ಒಂದ ವಾರ ಮುಟ್ಟಬ್ಯಾಡ್ರಿ. ಮನ್ಯಾಗ ಹಿಂಗ ಗಟ್ಟಿ ಮಾಡೋ ಎಪಾಕ್ಸಿ ಬಾಳಷ್ಟು 50-60 ಡಿಗ್ರಿಗೆ ಮೆತ್ತಗ ಆಗಾಕ ಹತ್ತತಾವ, ಅಂದ್ರ ಗಿರ್ಮಿಟ್, ಹಣ್ಣು, ಪೇಡೆ ನಡೀತಾವ, ಕುದಿಯೋ ಸಾರು ಸುರುವಿದ್ರಿ ಅಂದ್ರ ಚಮಚದ ಗೆರಿ ಬೀಳೋದು ಗ್ಯಾರಂಟಿ.