12ರೊಳಗಿನ ಮಕ್ಕಳಿಗೆ ಟೆಕ್ ಸೂಟ್ ಬೇಡ: ಒಳಮಗ್ಗುಲು ತಿರುಗಿಸಿ, ಹೊಲಿಗೆ ನೋಡಿ

ಉಪಜಿಲ್ಲಾ ಈಜು ಸ್ಪರ್ಧೆಯ ದಿನ ಹತ್ತಿರವಾದಂತೆ ಮಂಜೇಶ್ವರ, ಕುಂಬಳೆ, ಬದಿಯಡ್ಕದ ಕಡೆಯ ಹೆತ್ತವರದು ಒಂದೇ ಪ್ರಶ್ನೆ: ಮಗುವಿಗೆ ಟೆಕ್ ಸೂಟ್, ಅಂದರೆ ವೇಗ ಹೆಚ್ಚಲೆಂದೇ ಮೈಗೆ ಬಿಗಿಯಾಗಿ ಕೂರುವಂತೆ ಮಾಡಿದ ದುಬಾರಿ ಈಜುಡುಪು, ತೆಗೆಸಿಕೊಡಬೇಕೇ? 12 ವರ್ಷದೊಳಗಿನ ಮಗುವಾದರೆ ಖಂಡಿತ ಬೇಡ. ನಿಯಮ ಬಿಡುತ್ತದೋ ಇಲ್ಲವೋ ಎಂಬುದು ಆಮೇಲಿನ ಮಾತು.

ನಿರ್ಬಂಧ ಶುರುವಾದದ್ದು ದೊಡ್ಡವರ ಕೊಳದಲ್ಲಿ. 2008ರಲ್ಲಿ ಸ್ಪೀಡೋ ಕಂಪನಿಯ ಎಲ್‌ಝಡ್‌ಆರ್ ರೇಸರ್ ಬಂತು. ಪಾಲಿಯುರೆಥೇನ್ ಎಂಬ ರಬ್ಬರಿನಂಥ ಪ್ಲಾಸ್ಟಿಕ್‌ನ ಹಾಳೆಗಳು, ದಾರವೇ ಇಲ್ಲದ ಬೆಸುಗೆ ಜೋಡಣೆ. ಮರುವರ್ಷ ಇಡೀ ಸೂಟೇ ಪಾಲಿಯುರೆಥೇನಿನದಾಯಿತು. ಅಂಥ ಸೂಟು ಮೈಯನ್ನು ಬಿಗಿದು ಹಿಡಿಯುತ್ತದೆ, ಸೊಂಟ ಮುಳುಗದಂತೆ ನೋಡಿಕೊಳ್ಳುತ್ತದೆ, ತೇಲುವುದಕ್ಕೂ ನೆರವಾಗುತ್ತದೆ. 2009ರ ರೋಮ್ ವಿಶ್ವ ಚಾಂಪಿಯನ್‌ಶಿಪ್ ಒಂದರಲ್ಲೇ 43 ವಿಶ್ವದಾಖಲೆಗಳಾದವು. ಜರ್ಮನಿಯ ಪಾಲ್ ಬೀಡರ್‌ಮನ್ ಅಲ್ಲಿ 200 ಮೀಟರ್ ಫ್ರೀಸ್ಟೈಲನ್ನು 1 ನಿಮಿಷ 42.00 ಸೆಕೆಂಡಿನಲ್ಲಿ ಮುಗಿಸಿ ಮೈಕೆಲ್ ಫೆಲ್ಪ್ಸ್ ಅವರನ್ನು ಹಿಂದಿಕ್ಕಿದರು. 15 ವರ್ಷ ಕಳೆದರೂ ಆ ದಾಖಲೆ ಅಳಿಯಲಿಲ್ಲ. 2010ರ ಜನವರಿ 1ರಿಂದ ಅಂತಾರಾಷ್ಟ್ರೀಯ ಈಜು ಒಕ್ಕೂಟ ಬಾಗಿಲು ಮುಚ್ಚಿತು: ಬರೀ ಬಟ್ಟೆಯ ಸೂಟು, ಗಂಡಸರಿಗೆ ಹೊಕ್ಕುಳಿನಿಂದ ಮೊಣಕಾಲಿನವರೆಗೆ, ಹೆಂಗಸರಿಗೆ ಭುಜದಿಂದ ಮೊಣಕಾಲಿನವರೆಗೆ, ಜಿಪ್ ಇಲ್ಲ, ದಪ್ಪ 0.8 ಮಿಲಿಮೀಟರ್ ಮೀರುವಂತಿಲ್ಲ.

ಅದರಲ್ಲಿ ವಯಸ್ಸಿನ ಮಾತಿಲ್ಲ. ಮಕ್ಕಳಿಗೆಂದೇ ಗೆರೆ ಎಳೆದದ್ದು ಅಮೆರಿಕದ ಈಜು ಸಂಸ್ಥೆ ಯುಎಸ್‌ಎ ಸ್ವಿಮ್ಮಿಂಗ್. 2020ರ ಸೆಪ್ಟೆಂಬರ್ 1ರಿಂದ ಅಲ್ಲಿ 12 ಮತ್ತು ಅದಕ್ಕಿಂತ ಕಡಿಮೆ ವಯಸ್ಸಿನವರು ಟೆಕ್ ಸೂಟ್ ತೊಟ್ಟು ಸ್ಪರ್ಧಿಸುವಂತಿಲ್ಲ; ಜೂನಿಯರ್ ನ್ಯಾಷನಲ್ಸ್ ಮತ್ತು ಅದರ ಮೇಲಿನ ಕೂಟಗಳಿಗಷ್ಟೇ ವಿನಾಯಿತಿ. ಆ ನಿಯಮದ ವ್ಯಾಖ್ಯಾನ ನಮ್ಮೂರಿನ ಹೆತ್ತವರಿಗೂ ಉಪಯೋಗಕ್ಕೆ ಬರುತ್ತದೆ, ಏಕೆಂದರೆ ಅದು ಬ್ರ್ಯಾಂಡನ್ನಾಗಲಿ ಬೆಲೆಯನ್ನಾಗಲಿ ಕೇಳುವುದಿಲ್ಲ.

ಸೂಟನ್ನು ಒಳಮಗ್ಗುಲು ತಿರುಗಿಸಿ. ಜೋಡಣೆಯಲ್ಲಿ ಓವರ್‌ಲಾಕ್ ಮಾಡಿದ, ಅಂದರೆ ಅಂಚನ್ನು ಸುತ್ತಿ ಹೊಲಿದ ದಾರ ಕಂಡರೆ ಅದು ಹೊಲಿಗೆ. ದಾರದ ಬದಲು ನುಣುಪಾದ ಚಪ್ಪಟೆ ಪಟ್ಟಿ, ಅಂಟಿಸಿದ ಇಲ್ಲವೇ ಬಿಸಿಯಲ್ಲಿ ಒತ್ತಿದ ಗೆರೆ ಕಂಡರೆ, ಬಟ್ಟೆ ಯಾವುದೇ ಇರಲಿ, ಆಕಾರ ಹೇಗೇ ಇರಲಿ, ಅದು ಟೆಕ್ ಸೂಟ್. ಎರಡನೆಯ ಪರೀಕ್ಷೆ ಬಟ್ಟೆಯದು. ಹೆಣೆದ ಬಟ್ಟೆ ಬನಿಯನ್ನಿನಂತೆ ಮೆತ್ತಗೆ ಹಿಗ್ಗುತ್ತದೆ, ಹತ್ತಿರದಿಂದ ನೋಡಿದರೆ ಸಣ್ಣ ಸಣ್ಣ ಕುಣಿಕೆಗಳು ಕಾಣುತ್ತವೆ. ನೇಯ್ದ ಬಟ್ಟೆ ತೆಳ್ಳಗೆ, ಗರಿಗರಿಯಾಗಿರುತ್ತದೆ. ಹಾಸು ಹೊಕ್ಕು ಎಳೆಗಳು ಅಡ್ಡ ಉದ್ದ ಕಾಣುತ್ತವೆ, ಎಳೆದರೂ ಹೆಚ್ಚು ಬರುವುದಿಲ್ಲ. ನೇಯ್ದ ಬಟ್ಟೆ ಸೊಂಟ ದಾಟಿ ತೊಡೆಗೆ ಇಳಿದರೆ ಹೊಲಿಗೆ ಇದ್ದರೂ ಟೆಕ್ ಸೂಟೇ. ಹೆಣೆದ ಬಟ್ಟೆಯದು, ಹೊಲಿದದ್ದು, ಮೊಣಕಾಲು ದಾಟದ್ದಾದರೆ ಅಡ್ಡಿಯಿಲ್ಲ. ಅಂದರೆ ಹುಡುಗರು ದಿನಾ ಹಾಕುವ ಸಾದಾ ಜ್ಯಾಮರ್ (ಮೊಣಕಾಲಿನವರೆಗಿನ ಬಿಗಿ ಈಜು ಚಡ್ಡಿ) ಉದ್ದವಿದ್ದ ಮಾತ್ರಕ್ಕೆ ಟೆಕ್ ಸೂಟ್ ಆಗುವುದಿಲ್ಲ. ಹೆಚ್ಚಿನವರು ಎಡವುವುದೇ ಇಲ್ಲಿ.

ಕಾಸರಗೋಡಿನ ಮಕ್ಕಳು ಕೇರಳದ ಕೂಟಗಳಲ್ಲಿ ಈಜುವವರು; ತಲಪಾಡಿ ಗಡಿ ದಾಟಿ ಕರ್ನಾಟಕಕ್ಕೆ ಹೋದರೆ ಸಂಸ್ಥೆ ಬೇರೆ, ಸುತ್ತೋಲೆ ಬೇರೆ. ನಮ್ಮ ಕನ್ನಡ ಶಾಲೆಗಳಿಗೆ ಅದು ಮಲಯಾಳದಲ್ಲೋ ಇಂಗ್ಲಿಷಿನಲ್ಲೋ ಬರುತ್ತದೆ. ಉಡುಪಿನ ಸಾಲು ಮತ್ತು ವಯಸ್ಸು ಲೆಕ್ಕ ಹಾಕುವ ತಾರೀಕು, ಇವೆರಡನ್ನಾದರೂ ದೈಹಿಕ ಶಿಕ್ಷಕರ ಬಳಿ ಓದಿಸಿ ತಿಳಿದುಕೊಳ್ಳಿ.

ಇಷ್ಟು ಗಟ್ಟಿಯಾಗಿ ಬೇಡವೆನ್ನಲು ಕಾರಣವಿದೆ. ಒಳ್ಳೆಯ ಟೆಕ್ ಸೂಟುಗಳಲ್ಲಿ ಹಲವು 20,000 ರೂಪಾಯಿ ದಾಟುತ್ತವೆ. ಹಾಕಿಕೊಳ್ಳಲು 15-20 ನಿಮಿಷ ಬೇಕು, ಉಗುರು ತಾಗಿದರೆ ಹರಿಯುತ್ತದೆ, ಕೆಲವೇ ಸ್ಪರ್ಧೆಗಳಲ್ಲಿ ಬಿಗಿ ಕಳೆದುಕೊಳ್ಳುತ್ತದೆ. ಅಷ್ಟರೊಳಗೆ ಬೆಳೆಯುವ ಮಗುವಿಗೆ ಅಳತೆಯೇ ತಪ್ಪಿರುತ್ತದೆ. ಹತ್ತು ವರ್ಷದ ಮಗು ಸೆಕೆಂಡು ಕಳೆದುಕೊಳ್ಳುವುದು ಡೈವ್‌ನಲ್ಲಿ, ಗೋಡೆ ಒದ್ದು ಹೊರಡುವಾಗ ಕೈ ಜೋಡಿಸಿ ಮೈ ನೇರ ಮಾಡದೆ ಇರುವುದರಲ್ಲಿ, ಉಸಿರಿಗೆ ತಲೆ ಎತ್ತುವುದರಲ್ಲಿ. ಬ್ರೆಸ್ಟ್‌ಸ್ಟ್ರೋಕ್, ಬಟರ್‌ಫ್ಲೈಗಳಲ್ಲಿ ಗೋಡೆಯನ್ನು ಎರಡೂ ಕೈಯಿಂದ ಒಟ್ಟಿಗೆ ಮುಟ್ಟದೆ ಅನರ್ಹವಾಗುವ ಮಕ್ಕಳಿಗೆ ಯಾವ ಸೂಟೂ ನೆರವಾಗದು. ದುಬಾರಿ ಸೂಟಿನಿಂದ ಸಮಯ ಇಳಿದರೆ ಮಗು ತನ್ನ ಈಜು ಸುಧಾರಿಸಿತೆಂದು ನಂಬುತ್ತದೆ; ಇದು ಹಣ ಹೋದದ್ದಕ್ಕಿಂತ ದೊಡ್ಡ ನಷ್ಟ.

ಬದಲಿಗೆ ಎರಡು ಸಾದಾ ಸೂಟು ಇಟ್ಟುಕೊಳ್ಳಿ. ಅಭ್ಯಾಸಕ್ಕೆ ಪೂರ್ತಿ ಪಾಲಿಯೆಸ್ಟರಿನದು. ಕ್ಲೋರಿನ್ ಹಿಗ್ಗುವ ಎಳೆಯಾದ ಎಲಾಸ್ಟೇನನ್ನು ತಿನ್ನುತ್ತದೆ, ಪಾಲಿಯೆಸ್ಟರ್ ಹೆಚ್ಚು ಬಾಳುತ್ತದೆ. ಸ್ಪರ್ಧೆಗೆ ಅದೇ ಬಗೆಯದು, ಒಂದು ಅಳತೆ ಬಿಗಿ. ಭುಜದ ಪಟ್ಟಿ ಚರ್ಮ ಕೊರೆಯಬಾರದು, ಬಗ್ಗಿದಾಗ ಬೆನ್ನಲ್ಲಿ ನೀರು ತುಂಬುವಷ್ಟು ಸಡಿಲವೂ ಇರಬಾರದು. ಕೆರೆಯಲ್ಲಿ ಅಭ್ಯಾಸ ಮಾಡುವವರು ಮುರಕಲ್ಲಿನ ಮೆಟ್ಟಿಲ ಮೇಲೆ ಸೂಟಿನಲ್ಲೇ ಕೂರಬಾರದು, ಹಿಂಭಾಗ ತರಿದು ತೆಳುವಾಗುತ್ತದೆ. ಒಂದು ಬೈರಾಸು ಹಾಸಿದರೆ ಸಾಕು. ಈಜಿದ ಕೂಡಲೇ ತಣ್ಣೀರಲ್ಲಿ ಅಲಸಿ, ಹಿಂಡದೆ ನೆರಳಲ್ಲಿ ಹರವಿ. ಆಟಿ ತಿಂಗಳಲ್ಲಿ ಒದ್ದೆ ಸೂಟನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಟ್ಟರೆ ಕರಿ ಚುಕ್ಕೆ ಬೀಳುತ್ತದೆ, ಅದು ಮತ್ತೆ ಹೋಗುವುದಿಲ್ಲ.

ಸ್ಪರ್ಧೆಯ ದಿನ ಒಂದರ ಮೇಲೊಂದು ಸೂಟು ಹಾಕುವಂತಿಲ್ಲ. ಮೈಗೆ ಅಂಟಿಸಿದ ಟೇಪೂ ನಡೆಯುವುದಿಲ್ಲ. ಗಾಯಕ್ಕೆ ಪಟ್ಟಿ ಹಾಕಲೇಬೇಕಾದರೆ ವೈದ್ಯರ ಚೀಟಿ ಹಿಡಿದು, ಸರದಿ ಬರುವ ಮೊದಲೇ ರೆಫರಿಯ ಅನುಮತಿ ಕೇಳಿ.